ಸೇವೆಗೆ ಸಾಕ್ಷಿ ಯಾರು: ನರ್ಸಿನ ಅರ್ಜಿಪತ್ರದ ಚರಿತ್ರೆ

ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಬಯಸುವವರು ಇಂದು ಸಾಮಾನ್ಯವಾಗಿ ಎರಡು ಬರಹಗಳನ್ನು ಸಲ್ಲಿಸುತ್ತಾರೆ. ಹೆಸರು, ವಿದ್ಯಾಭ್ಯಾಸ, ನೋಂದಣಿ ಸಂಖ್ಯೆ, ಅನುಭವ ಇವನ್ನು ಕ್ರಮವಾಗಿ ತಿಳಿಸುವ ಸ್ವವಿವರ ಮೊದಲನೆಯದು. ಆಡುಮಾತಿನಲ್ಲಿ ಅದನ್ನು ಬಯೋಡೇಟಾ ಎನ್ನುತ್ತಾರೆ, ಈಚಿನವರು ರೆಸ್ಯೂಮೆ ಎನ್ನುತ್ತಾರೆ. ಆ ವಿವರಗಳ ಮೇಲಿಟ್ಟು ಕಳುಹಿಸುವ, ತಾನು ಯಾಕೆ ಈ ಕೆಲಸಕ್ಕೆ ತಕ್ಕವಳು ಎಂಬುದನ್ನು ಅರ್ಜಿದಾರಳೇ ತನ್ನ ಮಾತಿನಲ್ಲಿ ಹೇಳುವ ಕವರಿಂಗ್ ಲೆಟರ್ ಎರಡನೆಯದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಿಂದ ಮೈಸೂರಿನ ಆಸ್ಪತ್ರೆಗಳಿಗೂ ಬೆಂಗಳೂರಿಗೂ ಅಲ್ಲಿಂದಾಚೆಗೂ ಹೋಗುವ ಇಂಥ ಕಾಗದಗಳು ನೋಡುವುದಕ್ಕೆ ತೀರ ಸಾಮಾನ್ಯವಾಗಿ ಕಂಡರೂ, ಅವುಗಳ ಒಂದೊಂದು ಅಂಕಣದ ಹಿಂದೆಯೂ ನೂರೈವತ್ತು ವರ್ಷಗಳ ಚರಿತ್ರೆಯ ಒಂದೊಂದು ಪದರವಿದೆ. ರೋಗಿಯ ಬಳಿ ನಿಲ್ಲಲು ಈಕೆ ಅರ್ಹಳೆಂದು ಯಾರು ಹೇಳಬೇಕು ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಸಿಕ್ಕ ಬೇರೆಬೇರೆ ಉತ್ತರಗಳೇ ಈ ಕಾಗದಗಳ ರೂಪವನ್ನು ತಿದ್ದುತ್ತ ಬಂದಿವೆ.

ಕಾಗದ ಬರುವುದಕ್ಕೆ ಮುಂಚೆ ಈ ಪ್ರಶ್ನೆಗೆ ಊರೇ ಉತ್ತರ ಕೊಡುತ್ತಿತ್ತು. ಹೆರಿಗೆ ಮಾಡಿಸುವ ಸೂಲಗಿತ್ತಿಯನ್ನು ಕರೆಯುವ ಮನೆಯವರು ಆಕೆಯಿಂದ ಯಾವ ಪತ್ರವನ್ನೂ ಕೇಳಿದವರಲ್ಲ. ಆಕೆ ಯಾರ ಮನೆಯಲ್ಲಿ ಎಂಥ ಕಷ್ಟದ ಹೆರಿಗೆಯನ್ನು ಸುಸೂತ್ರವಾಗಿ ಮುಗಿಸಿದಳು, ಯಾವ ಬಾಣಂತಿಗೆ ಯಾವ ಆರೈಕೆ ಹೇಳಿದಳು ಎಂಬುದು ಸುತ್ತಣ ಹೆಂಗಸರಿಗೆಲ್ಲ ತಿಳಿದಿರುತ್ತಿತ್ತು, ಆ ತಿಳಿವೇ ಆಕೆಯ ಅರ್ಹತೆಯ ದಾಖಲೆಯಾಗಿತ್ತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿಯದೆ, ಯಾವ ಆಸ್ಪತ್ರೆಯ ತರಬೇತಿಯನ್ನೂ ಪಡೆಯದೆ ಸಾವಿರಾರು ಹೆರಿಗೆಗಳನ್ನು ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಹಳೆಯ ಪದ್ಧತಿಯೊಂದು ನಮ್ಮ ಕಾಲದವರೆಗೂ ಜೀವಂತವಾಗಿ ಉಳಿದಿತ್ತೆನ್ನುವುದಕ್ಕೆ ಅವರ ಬದುಕೇ ನಿದರ್ಶನ. ಹೆಗ್ಗಡದೇವನಕೋಟೆ ಸೀಮೆಯ ಕಾಡಂಚಿನ ಹಾಡಿಗಳಲ್ಲಿ, ಅಂದರೆ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗ ಸಮುದಾಯಗಳ ವಸತಿಗಳಲ್ಲಿ, ಅನುಭವಿ ಮುದುಕಿಯರ ಮೇಲಿನ ಈ ನಂಬಿಕೆ ಇನ್ನೂ ಹೆಚ್ಚು ಕಾಲ ಉಳಿಯಿತು. ಇಂಥ ಸಾಕ್ಷ್ಯಕ್ಕೆ ಒಂದು ಮಿತಿಯೂ ಇತ್ತು: ಅದು ಊರಿನ ಎಲ್ಲೆ ದಾಟುತ್ತಿರಲಿಲ್ಲ. ಪರಿಚಯವಿಲ್ಲದ ಪಟ್ಟಣದಲ್ಲಿ, ಪರಿಚಯವಿಲ್ಲದ ರೋಗಿಗಳ ನಡುವೆ ಕೆಲಸ ಮಾಡಬೇಕಾದ ಹೆಂಗಸಿಗೆ ಬೇರೆ ಬಗೆಯ ಸಾಕ್ಷಿ ಬೇಕಾಯಿತು, ಆಧುನಿಕ ನರ್ಸಿನ ಕಾಗದಗಳ ಕಥೆ ಅಲ್ಲಿಂದ ಮೊದಲಾಗುತ್ತದೆ.

ಆ ಸಾಕ್ಷಿಯ ಮೊದಲ ಮಾದರಿ ಲಂಡನ್ನಿನದು. ಫ್ಲಾರೆನ್ಸ್ ನೈಟಿಂಗೇಲ್ ಅವರ ಹೆಸರಿನಲ್ಲಿ ಸಂತ ಥಾಮಸ್ ಆಸ್ಪತ್ರೆಯಲ್ಲಿ 1860ರಲ್ಲಿ ಆರಂಭವಾದ ತರಬೇತಿ ಶಾಲೆ ಪ್ರತಿಯೊಬ್ಬ ಅಭ್ಯರ್ಥಿಯ ಬಗ್ಗೆ ತಿಂಗಳು ತಿಂಗಳೂ ಒಂದು ದಾಖಲೆ ಇಡುತ್ತಿತ್ತು. ಗಾಯಕ್ಕೆ ಪಟ್ಟಿ ಕಟ್ಟುವ, ರೋಗಿಯನ್ನು ಮಗ್ಗುಲಾಗಿಸುವ ಕೌಶಲಗಳ ಜೊತೆಗೆ ಆಕೆಯ ಸಮಯಪಾಲನೆ, ಸದ್ದಿಲ್ಲದ ನಡವಳಿಕೆ, ನಂಬಿಕಸ್ತಿಕೆ, ಶುಚಿತ್ವ, ವಾರ್ಡಿನ ನಿರ್ವಹಣೆ ಹೇಗಿದೆಯೆಂಬುದನ್ನೂ ಅದರಲ್ಲಿ ಬರೆಯುತ್ತಿದ್ದರು. ಅಲ್ಲಿಯವರೆಗೆ ಆಸ್ಪತ್ರೆಯ ಆಯಾ ಎಂದರೆ ಕುಡಿತಕ್ಕೆ ಬಿದ್ದವಳು, ಬೇರೆ ಗತಿಯಿಲ್ಲದವಳು ಎಂಬ ಅಪಖ್ಯಾತಿ ಇಂಗ್ಲೆಂಡಿನಲ್ಲಿದ್ದುದರಿಂದ, ಹೊಸ ನರ್ಸ್ ತನ್ನ ಕೈಕೆಲಸಕ್ಕೆ ಮುಂಚೆ ತನ್ನ ಶೀಲವನ್ನು ಸಾಬೀತು ಮಾಡಬೇಕಾಗಿತ್ತು, ಆ ಸಾಬೀತು ಕೂಡ ಆಕೆಯ ಬಾಯಿಂದ ಬರುವಂತಿರಲಿಲ್ಲ, ಮೇಲಿನವರ ಲೇಖನಿಯಿಂದಲೇ ಬರಬೇಕಿತ್ತು. ಕೆಲವೇ ದಶಕಗಳಲ್ಲಿ ಇದಕ್ಕೆ ಎದುರು ವಾದ ಎದ್ದಿತು. 1887ರಲ್ಲಿ ಬ್ರಿಟಿಷ್ ನರ್ಸಸ್ ಅಸೋಸಿಯೇಷನ್ ಕಟ್ಟಿದ ಎಥೆಲ್ ಬೆಡ್‌ಫೋರ್ಡ್ ಫೆನ್ವಿಕ್, ವೈದ್ಯರಿಗಿರುವಂತೆ ನರ್ಸುಗಳಿಗೂ ಸರ್ಕಾರದ ನೋಂದಣಿ ಇರಬೇಕೆಂದು ಪಟ್ಟು ಹಿಡಿದರು. ಪರೀಕ್ಷೆ, ಪಟ್ಟಿಗಳು ಒಳ್ಳೆಯ ನರ್ಸನ್ನು ಗುರುತಿಸಲಾರವು, ಗುಣವನ್ನು ಅಳೆಯುವ ಅಳತೆಗೋಲು ಅವುಗಳಲ್ಲಿಲ್ಲ ಎಂದು ನೈಟಿಂಗೇಲ್ ವಿರೋಧಿಸಿದರು. 1919ರ ಕಾಯಿದೆಯಿಂದ ಫೆನ್ವಿಕ್ ಗೆದ್ದರು, ಇಂಗ್ಲೆಂಡಿನ ನೋಂದಣಿ ಪುಸ್ತಕದ ಮೊದಲ ಹೆಸರು ಅವರದೇ ಆಯಿತು. ಆದರೂ ನೈಟಿಂಗೇಲ್ ಎತ್ತಿದ ತಕರಾರು ಸತ್ತುಹೋಗಲಿಲ್ಲ. ನಡತೆ ಪ್ರಮಾಣಪತ್ರವೆಂಬ ಹಾಳೆಯಾಗಿ ಅದು ಹುಣಸೂರಿನ ಅರ್ಜಿದಾರಳ ಫೈಲಿನಲ್ಲಿ ಈಗಲೂ ಇದೆ.

ಭಾರತಕ್ಕೆ ಈ ವೃತ್ತಿ ಬಂದ ದಾರಿಗಳು ಹಲವು. ಮದರಾಸಿನಲ್ಲಿ 1854ರಲ್ಲಿ ಸೂಲಗಿತ್ತಿಯರ ತರಬೇತಿಯೂ, 1871ರಲ್ಲಿ ಅಲ್ಲಿನ ಜನರಲ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಿಕ್ಷಣವೂ ಆರಂಭವಾದವು. 1885ರಲ್ಲಿ ವೈಸ್‌ರಾಯ್ ಪತ್ನಿ ಲೇಡಿ ಡಫರಿನ್ ಅವರ ಹೆಸರಿನಲ್ಲಿ ಹುಟ್ಟಿದ ನಿಧಿ, ಗಂಡು ವೈದ್ಯರ ಮುಂದೆ ಬರಲೊಪ್ಪದ ಹೆಂಗಸರಿಗಾಗಿ ಹೆಣ್ಣು ವೈದ್ಯರನ್ನೂ ನರ್ಸುಗಳನ್ನೂ ಸೂಲಗಿತ್ತಿಯರನ್ನೂ ತಯಾರುಮಾಡಲು ಹಣ ಒದಗಿಸಿತು. ಬೆಂಗಳೂರಿನಲ್ಲಿ 1886ರಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರ ಸಂತ ಮಾರ್ಥಾ ಆಸ್ಪತ್ರೆಯೂ, 1900ರಲ್ಲಿ ವಿಕ್ಟೋರಿಯಾ ಆಸ್ಪತ್ರೆಯೂ ಬಾಗಿಲು ತೆರೆದವು. ಈ ಪ್ರಬಂಧದ ತಾಲ್ಲೂಕುಗಳಿಗೆ ಹೆಚ್ಚು ಹತ್ತಿರವಾದದ್ದು ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ಥಾಪಿಸಿದ ಮೇರಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ. ಮಿಷನರಿ ವಿಲಿಯಂ ಹೋಲ್ಡ್ಸ್‌ವರ್ತ್ ಅವರ ಪತ್ನಿಯ ನೆನಪಿಗೆ ಕಟ್ಟಿದ, ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆ ಎಂದೇ ಹೆಸರಾದ ಈ ಸಂಸ್ಥೆ ಮುಂದೆ ತಲೆಮಾರುಗಳ ನರ್ಸುಗಳಿಗೆ ತರಬೇತಿ ಕೊಟ್ಟಿತು.

ಆ ಕಾಲದಲ್ಲಿ ನರ್ಸಿಂಗಿಗೆ ಬಂದವರು ಹೆಚ್ಚಾಗಿ ಆಂಗ್ಲೋ-ಇಂಡಿಯನ್ ಮತ್ತು ಭಾರತೀಯ ಕ್ರೈಸ್ತ ಮನೆಗಳ ಹೆಣ್ಣುಮಕ್ಕಳು. ಅವರಲ್ಲಿ ಮಿಷನ್ನಿನ ಅನಾಥಾಲಯ, ವಸತಿಶಾಲೆಗಳಲ್ಲಿ ಬೆಳೆದವರು, ಬಾಲ್ಯದಲ್ಲೇ ವಿಧವೆಯರಾದವರು ಅನೇಕರು. ಪರಪುರುಷರ ಮೈ ಮುಟ್ಟುವುದು, ರಕ್ತ, ಮಲಮೂತ್ರಗಳನ್ನು ಎತ್ತುವುದು, ರಾತ್ರಿ ಪಾಳಿಯಲ್ಲಿ ಮನೆಯಿಂದ ಹೊರಗಿರುವುದು ಇವೆಲ್ಲ ಜಾತಿಯ ಮಡಿಮೈಲಿಗೆಗೂ ಹೆಣ್ಣಿನ ಮರ್ಯಾದೆಯ ಅಂದಿನ ಕಲ್ಪನೆಗೂ ವಿರುದ್ಧವಾಗಿದ್ದುದರಿಂದ ಮೇಲುಜಾತಿಯ ಕುಟುಂಬಗಳು ತಮ್ಮ ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಬಹುಕಾಲ ಕಳುಹಿಸಲಿಲ್ಲ. ಇಂಥ ಸಮಾಜದಲ್ಲಿ ಮಿಷನ್ ಆಸ್ಪತ್ರೆಗೆ ಸೇರಬಯಸುವ ಹುಡುಗಿಗೆ ಬೇಕಾಗಿದ್ದುದು ಆಕೆಯನ್ನು ಬಲ್ಲ ಪಾದ್ರಿಯ ಅಥವಾ ಶಾಲೆಯ ಮುಖ್ಯಸ್ಥೆಯ ಶಿಫಾರಸು. ಆ ಪತ್ರ ಆಕೆಯನ್ನು ಕುರಿತದ್ದು, ಆದರೆ ಆಕೆ ಬರೆದದ್ದಲ್ಲ. ಅದರಲ್ಲಿ ಆಕೆಯ ವಿಧೇಯತೆಗೆ, ಭಕ್ತಿಗೆ ಸಿಗುತ್ತಿದ್ದ ಸ್ಥಾನ ಆಕೆಯ ಬುದ್ಧಿಗೆ, ಧೈರ್ಯಕ್ಕೆ ಸಿಗುವುದು ಕಷ್ಟವಿತ್ತು. ಸಾವಿನ ಸಮೀಪ ರಾತ್ರಿಯಿಡೀ ಎಚ್ಚರವಾಗಿ ಕುಳಿತ ಆ ತಲೆಮಾರಿನ ಹೆಂಗಸರ ಕೆಲಸವನ್ನು ಅವರ ಮಾತಿನಲ್ಲೇ ಹೇಳುವ ಕಾಗದಗಳು ಅಷ್ಟು ವಿರಳವಾಗಿರುವುದು ಕನ್ನಡ ನಾಡಿನ ಸಾಮಾಜಿಕ ಚರಿತ್ರೆಗೆ ಆದ ದೊಡ್ಡ ನಷ್ಟ.

ಸಂಸ್ಥಾನದ ಕಾಲದಲ್ಲಿ ಮೈಸೂರಿನ ಆಸ್ಪತ್ರೆಗಳು ಬೇಗ ಬೆಳೆದವು. ಕ್ಷಯರೋಗಿಗಳಿಗಾಗಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಸ್ಯಾನಟೋರಿಯಂ 1921ರಲ್ಲಿ ಆರಂಭವಾಯಿತು. 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಮೈಸೂರು ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಬಂದು ಕೃಷ್ಣರಾಜೇಂದ್ರ ಆಸ್ಪತ್ರೆಗೆ ಜೊತೆಯಾಯಿತು. ಹೆಂಗಸರಿಗೂ ಮಕ್ಕಳಿಗೂ ಚೆಲುವಾಂಬ ಆಸ್ಪತ್ರೆ ಇತ್ತು. ಅದೇ 1930ರಲ್ಲಿ ಸಂಸ್ಥಾನ ಸರ್ಕಾರವು ಸಂತಾನ ನಿಯಂತ್ರಣದ ಸಲಹಾಕೇಂದ್ರಗಳನ್ನು ತೆರೆಯಲು ಆಜ್ಞೆ ಹೊರಡಿಸಿತು. ಜಗತ್ತಿನಲ್ಲಿ ಒಂದು ಸರ್ಕಾರ ಇಂಥ ಕೆಲಸಕ್ಕೆ ಕೈಹಾಕಿದ್ದು ಅದೇ ಮೊದಲೆಂದು ಹೇಳಲಾಗುತ್ತದೆ. ಇಷ್ಟೆಲ್ಲ ಆದರೂ ನರ್ಸುಗಳ ಸಂಖ್ಯೆ ಸಾಲದೇ ಹೋಯಿತು. ಇಡೀ ಬ್ರಿಟಿಷ್ ಭಾರತದ ಆರೋಗ್ಯಸ್ಥಿತಿ ಪರಿಶೀಲಿಸಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ, ಸುಮಾರು 6,300 ಜನರಿಗೊಬ್ಬ ವೈದ್ಯನಿದ್ದರೆ ಸುಮಾರು 43,000 ಜನರಿಗೊಬ್ಬ ನರ್ಸ್ ಇದ್ದಾಳೆಂದು ಲೆಕ್ಕಹಾಕಿತು. ವೈದ್ಯನಿಗಿಂತ ನರ್ಸ್ ಹೆಚ್ಚು ಅಪರೂಪವಾಗಿದ್ದ ಆ ವಿಚಿತ್ರ ಅನುಪಾತದ ಮೂಲವನ್ನು ಹಣದ ಕೊರತೆಯೊಂದರಲ್ಲೇ ಹುಡುಕುವುದು ಸರಿಯಾಗದು. ಆ ಕೆಲಸಕ್ಕೆ ಸಮಾಜ ಕೊಟ್ಟಿದ್ದ ಗೌರವದ ಅಳತೆಯೂ ಅದರಲ್ಲಿದೆ.

ನೋಂದಣಿಯ ಯುಗ ಭಾರತದಲ್ಲಿ ಪ್ರಾಂತ್ಯ ಪ್ರಾಂತ್ಯವಾಗಿ ಬಂದಿತು. ವೃತ್ತಿಯವರೇ ಕಟ್ಟಿಕೊಂಡ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ 1908ರಲ್ಲಿ ಆರಂಭವಾಗಿತ್ತು. ಮದರಾಸು ಪ್ರಾಂತ್ಯ 1926ರಲ್ಲಿ ನರ್ಸುಗಳ ಮತ್ತು ಸೂಲಗಿತ್ತಿಯರ ಕಾಯಿದೆ ಮಾಡಿತು. ಸ್ವಾತಂತ್ರ್ಯ ಬಂದ ವರ್ಷದ ಕೊನೆಯ ದಿನ, 1947ರ ಡಿಸೆಂಬರ್ 31ರಂದು, ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ ಜಾರಿಗೆ ಬಂದು, ಶಿಕ್ಷಣದ ಮಟ್ಟ ದೇಶಕ್ಕೆಲ್ಲ ಒಂದೇ ಆಗಿರಬೇಕೆಂಬ ತತ್ವ ನೆಲೆಗೊಂಡಿತು. ಏಕೀಕರಣದ ನಂತರ, ಮದರಾಸು, ಮುಂಬಯಿ, ಹೈದರಾಬಾದು, ಕೊಡಗು, ಹಳೆಯ ಮೈಸೂರು ಎಂದು ಬೇರೆಬೇರೆ ಆಡಳಿತಗಳಿಂದ ಬಂದ ನರ್ಸುಗಳನ್ನು ಒಂದೇ ಪುಸ್ತಕಕ್ಕೆ ತರಲು ರಾಜ್ಯವು 1961ರಲ್ಲಿ ನರ್ಸುಗಳು, ಮಿಡ್‌ವೈಫ್‌ಗಳು ಮತ್ತು ಹೆಲ್ತ್ ವಿಸಿಟರ್‌ಗಳ ಕಾಯಿದೆ ರೂಪಿಸಿತು. ಇಂದಿನ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತು ಆ ಕಾಯಿದೆಯ ಆಧಾರದ ಮೇಲೆ ನಿಂತಿದೆ. ಇದರಿಂದ ಬಯೋಡೇಟಾದಲ್ಲಿ ಒಂದು ಹೊಸ ಸಾಲು ಹುಟ್ಟಿತು. ಹೆಸರಿನ ಮುಂದೆ ಆರ್‌ಎನ್ ಎಂದೂ ಆರ್‌ಎಂ ಎಂದೂ, ಅಂದರೆ ನೋಂದಾಯಿತ ನರ್ಸ್ ಮತ್ತು ನೋಂದಾಯಿತ ಮಿಡ್‌ವೈಫ್ ಎಂದು, ಬರೆದು ಸಂಖ್ಯೆ ನಮೂದಿಸುವ ಆ ಸಾಲು ಪಾದ್ರಿಯ ಶಿಫಾರಸಿನ ಅಗತ್ಯವನ್ನು ಒಂದೇ ಏಟಿಗೆ ಕಡಿಮೆ ಮಾಡಿತು. ಹುಡುಗಿ ಯಾವ ಮನೆಯವಳಾಗಲಿ, ಯಾವ ಮತದವಳಾಗಲಿ, ಮೂರು ವರ್ಷಗಳ ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ಆ ಸಂಖ್ಯೆ ಆಕೆಯದು. ಈ ವೃತ್ತಿಯ ಕಾಗದಗಳಲ್ಲಿ ಇದಕ್ಕಿಂತ ಹೆಚ್ಚು ಸಮತೆಯನ್ನು ತಂದ ಸಾಲು ಇನ್ನೊಂದಿಲ್ಲ.

ಸಮತೆಯ ಇನ್ನೊಂದು ಧಾರೆ ಆಸ್ಪತ್ರೆಯಿಂದ ಬರಲಿಲ್ಲ, ರಾಜಕೀಯದಿಂದ ಬಂದಿತು, ಅದರ ಒಂದು ಮುಖ್ಯ ಕವಲು ಹುಣಸೂರಿನಲ್ಲೇ ಇದೆ. ಸರ್ಕಾರಿ ನೌಕರಿಗಳು ಒಂದೇ ಜಾತಿಯ ಕೈಯಲ್ಲಿ ಕೂಡಿಕೊಂಡಿರುವುದನ್ನು ಸರಿಪಡಿಸಲು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯ ಸಮಿತಿ ನೇಮಿಸಿದರು. ಅದರ ಶಿಫಾರಸುಗಳ ಮೇಲೆ 1921ರಲ್ಲಿ ಹೊರಟ ಆಜ್ಞೆಯಿಂದ ಅರ್ಜಿದಾರನ ಜಾತಿಯು ಸಂಸ್ಥಾನದ ನೇಮಕಾತಿಯಲ್ಲಿ ಅಧಿಕೃತವಾಗಿ ಗಣನೆಗೆ ಬರುವ ವಿಷಯವಾಯಿತು. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ನೇಮಿಸಿದ ಎಲ್.ಜಿ. ಹಾವನೂರು ಆಯೋಗ 1975ರಲ್ಲಿ ಕೊಟ್ಟ ವರದಿ ಹಿಂದುಳಿದ ವರ್ಗಗಳ ವಿಂಗಡಣೆಗೆ ಹೊಸ ರೂಪ ನೀಡಿತು. ಜಾತಿ, ಪ್ರವರ್ಗ ಎಂಬ ಅಂಕಣ ತುಂಬುವಾಗ ಈ ತಾಲ್ಲೂಕುಗಳ ಹೆಣ್ಣುಮಗಳು ತನ್ನ ನೆರೆಯ ಊರಿನ ಒಬ್ಬ ರಾಜಕಾರಣಿಯ ಜೀವಮಾನದ ಕೆಲಸಕ್ಕೆ ಕೈಹಚ್ಚುತ್ತಿರುತ್ತಾಳೆ.

ಸರ್ಕಾರಿ ಅರ್ಜಿಯ ಇತರ ಅಂಕಣಗಳಲ್ಲಿ ಎರಡನ್ನು ಈ ನೆಲದ ಚರಿತ್ರೆಯಾಗಿಯೇ ಓದಬೇಕು. ಒಂದು, ಯೋಜನಾ ನಿರಾಶ್ರಿತರೆಂಬ ಅಂಕಣ: ಅಣೆಕಟ್ಟು ಮುಂತಾದ ಸರ್ಕಾರಿ ಯೋಜನೆಗಳಿಗಾಗಿ ನೆಲ, ಮನೆ ಕಳೆದುಕೊಂಡ ಕುಟುಂಬದವರಿಗೆ ಕೆಳಹಂತದ ಹುದ್ದೆಗಳಲ್ಲಿ ಶೇ. 5ರಷ್ಟು ಮೀಸಲು. ಬಿದರಹಳ್ಳಿ, ಬೀಚನಹಳ್ಳಿಗಳ ನಡುವೆ ಕಪಿಲೆಗೆ ಅಡ್ಡವಾಗಿ ಕಟ್ಟಿದ ಕಬಿನಿ ಅಣೆಕಟ್ಟು 1974ರಲ್ಲಿ ಮುಗಿದಾಗ ಹೆಗ್ಗಡದೇವನಕೋಟೆ ತಾಲ್ಲೂಕಿನ ಊರುಗಳೂ ಹಾಡಿಗಳೂ ಗದ್ದೆಗಳೂ ನೀರಿನಡಿ ಹೋದವು. ಅದಕ್ಕೆ ಒಂದೆರಡು ವರ್ಷ ಮುಂಚೆ ವನ್ಯಜೀವಿ ಕಾಯಿದೆ ಮತ್ತು ಹುಲಿ ಯೋಜನೆಗಳು ಬಂದು ಕಾಡಿನೊಳಗಿನ ಜನರ ಬದುಕೂ ಬದಲಾಯಿತು. ಎನ್. ಬೇಗೂರು ಇಂಥ ಅಂಚಿನ ಊರು. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ವಲಯವೊಂದಕ್ಕೆ ಅದರದೇ ಹೆಸರಿದೆ. ಅಣೆಕಟ್ಟಿನಿಂದ ಎದ್ದುಹೋದ ಮನೆಯ ಮೊಮ್ಮಗಳು ನರ್ಸಿಂಗ್ ಓದಿ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ, ತನ್ನ ಅಜ್ಜ ಕಳೆದುಕೊಂಡ ಹೊಲದ ಸರ್ವೆ ನಂಬರು ಆಕೆಯ ಅರ್ಹತಾಪತ್ರಗಳ ಹಿಂದೆ ನಿಲ್ಲುತ್ತದೆ. ರೋಗಿಯ ಆರೈಕೆಗೂ ಮುಳುಗಿದ ಹೊಲಕ್ಕೂ ಏನು ಸಂಬಂಧವೆಂದು ಕೇಳುವವರುಂಟು. ಆ ಹೊಲ ಉಳಿದಿದ್ದರೆ ಆ ಮನೆಯ ಹಿಂದಿನ ಎರಡು ತಲೆಮಾರು ಶಾಲೆಗೆ ಹೋಗುತ್ತಿದ್ದರೇ ಇಲ್ಲವೇ ಎಂದು ಯೋಚಿಸಿದರೆ ಸಂಬಂಧ ತಾನೇ ತಿಳಿಯುತ್ತದೆ.

ಇನ್ನೊಂದು, ಪರಿಶಿಷ್ಟ ಪಂಗಡದ ಅಂಕಣ. ಜೇನುಕುರುಬರ ಹೆಸರು ಪಂಗಡಗಳ ಪಟ್ಟಿಯಲ್ಲಿ ಮೊದಲಿನಿಂದಲೂ ಇತ್ತು. ಆದರೆ ಪಕ್ಕದ ಹಾಡಿಯವರಾದ ಬೆಟ್ಟಕುರುಬರು ಪಟ್ಟಿಯಲ್ಲಿ ಕಾಡುಕುರುಬ ಎಂಬ ಹೆಸರಿನಿಂದ ಇದ್ದರು. ಜನ ತಮ್ಮನ್ನು ಕರೆದುಕೊಳ್ಳುವ ಹೆಸರಿಗೂ ಪಟ್ಟಿಯ ಹೆಸರಿಗೂ ತಾಳೆಯಾಗದ ಕಾರಣ ಪ್ರಮಾಣಪತ್ರ ಪಡೆಯುವುದೇ ಒಂದು ದೊಡ್ಡ ಕಷ್ಟವಾಗಿತ್ತು. 2022ರಲ್ಲಿ ಸಂಸತ್ತಿಗೆ ಬಂದ ತಿದ್ದುಪಡಿಯಿಂದ ಬೆಟ್ಟಕುರುಬ ಎಂಬುದೂ ಆ ಪಟ್ಟಿಯಲ್ಲಿ ಪರ್ಯಾಯ ಹೆಸರಾಗಿ ಸೇರಿತು. 1990ರ ರಾಜ್ಯ ಕಾಯಿದೆಯ ಮೇರೆಗೆ ಕೊಡುವ ಸಿಂಧುತ್ವ ಪ್ರಮಾಣಪತ್ರ, ಅಂದರೆ ಜಾತಿ ಪ್ರಮಾಣಪತ್ರ ನಿಜವೇ ಎಂದು ಸಮಿತಿಯೊಂದು ಪರಿಶೀಲಿಸಿ ಕೊಡುವ ಎರಡನೆಯ ಪತ್ರ, ಆಯ್ಕೆಯಾದ ಮೇಲೂ ಬೇಕಾಗುತ್ತದೆ. ಇವುಗಳ ಜೊತೆಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಹಳ್ಳಿಯಲ್ಲೇ ಓದಿದವರಿಗೆ 2000ದ ಕಾಯಿದೆ ತಂದ ಶೇ. 25ರ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರ ಶೇ. 5ರ ಮೀಸಲುಗಳ ಪ್ರಮಾಣಪತ್ರಗಳೂ ಸೇರಿದರೆ ಫೈಲು ದಪ್ಪವಾಗುತ್ತದೆ. ಶಾಲೆಯ ಮುಖ್ಯೋಪಾಧ್ಯಾಯರು, ಕ್ಷೇತ್ರ ಶಿಕ್ಷಣಾಧಿಕಾರಿ, ನಾಡಕಚೇರಿ, ತಹಸೀಲ್ದಾರರು ಎಲ್ಲರ ಸಹಿ ಅದರಲ್ಲಿರುತ್ತದೆ. ಹುಟ್ಟಿದ ದಿನಾಂಕವೂ ಹಲವರ ಪಾಲಿಗೆ ಮೇಷ್ಟರ ಕೊಡುಗೆಯೇ. ಮನೆಯಲ್ಲಿ ಹೆತ್ತ, ತಾರೀಕು ಬರೆದಿಡದ ಕಾಲದಲ್ಲಿ ಶಾಲೆಗೆ ಸೇರಿಸಿಕೊಳ್ಳುವಾಗ ಜೂನ್ 1 ಎಂದು ಬರೆದುಕೊಂಡದ್ದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಗೂ ಅಲ್ಲಿಂದ ನಿವೃತ್ತಿಯ ದಿನಕ್ಕೂ ಸಾಗಿಬರುತ್ತದೆ.

ಈ ಮೀಸಲುಗಳು ನ್ಯಾಯವಾದವು, ಇವಿಲ್ಲದೆ ಕಾಡಂಚಿನ ಹುಡುಗಿಯ ಅರ್ಜಿ ಬೆಂಗಳೂರಿನ ಮೇಜಿನವರೆಗೆ ಹೋಗುವುದೇ ಕಷ್ಟವಿತ್ತು. ಆದರೆ ಇಷ್ಟು ಕಾಗದಗಳ ನಡುವೆ ಒಂದು ಕೊರತೆ ಎದ್ದು ಕಾಣುತ್ತದೆ. ಅವು ಅರ್ಜಿದಾರಳು ಎಲ್ಲಿ ಹುಟ್ಟಿದಳು, ಯಾರ ಮಗಳು ಅಥವಾ ಹೆಂಡತಿ, ಯಾವ ಶಾಲೆಯಲ್ಲಿ ಓದಿದಳು, ಎಷ್ಟು ಅಂಕ ಪಡೆದಳು ಎಂಬುದನ್ನೆಲ್ಲ ಹೇಳಿ, ಆಕೆ ಏನು ಮಾಡಬಲ್ಲಳು ಎಂಬಲ್ಲಿ ಮೌನವಾಗುತ್ತವೆ. ಗೆ, ಇವರಿಂದ, ವಿಷಯ, ಉಲ್ಲೇಖ, ಮಾನ್ಯರೇ ಎಂದು ಶಾಲೆಯಲ್ಲಿ ಕಲಿಸುವ ಅರ್ಜಿಯ ಚೌಕಟ್ಟೂ ಇದಕ್ಕೆ ಒತ್ತಾಸೆಯಾಯಿತು. ಕಚೇರಿಯ ಕನ್ನಡದಲ್ಲಿ ಬೆಳೆದ ಆ ಚೌಕಟ್ಟು ಕೋರಿಕೆಯನ್ನು ಸಲ್ಲಿಸಲು ತಕ್ಕದ್ದು, ತನ್ನ ಕೆಲಸವನ್ನು ವಿವರಿಸಲು ಅದರಲ್ಲಿ ಎಡೆ ಕಡಿಮೆ. ದಯಮಾಡಿ ಈ ಹುದ್ದೆ ಕೊಟ್ಟು ಕುಟುಂಬಕ್ಕೆ ಆಧಾರವಾಗಬೇಕೆಂದು ಕೇಳಿಕೊಳ್ಳುವ ಕೊನೆಯ ಸಾಲು ತಲೆಮಾರುಗಳವರೆಗೆ ಬದಲಾಗದೆ ಉಳಿಯಿತು. ನೌಕರಿಯನ್ನು ಅನುಗ್ರಹವೆಂದು ಕೇಳುವ ಆ ಧ್ವನಿ ಅರಮನೆಯ ಕಾಲದ್ದು. ಮೂರು ವರ್ಷ ಓದಿ, ರಾತ್ರಿ ಪಾಳಿ ಮಾಡಿ, ನೋಂದಣಿ ಪಡೆದ ವೃತ್ತಿನಿರತೆಯ ಬಾಯಲ್ಲಿ ಅದು ಹೊಂದುವುದಿಲ್ಲ.

ಪತ್ರಗಳ ನಕಲು ನಿಜವೆಂದು ಸಹಿ ಹಾಕುವ ಪದ್ಧತಿಯೂ ಇದೇ ಮನೋಧರ್ಮದ್ದು. ಪತ್ರಾಂಕಿತ ಅಧಿಕಾರಿ, ಅಂದರೆ ರಾಜ್ಯಪತ್ರದಲ್ಲಿ ನೇಮಕ ಪ್ರಕಟವಾಗುವ ದರ್ಜೆಯ ಅಧಿಕಾರಿ, ಪ್ರತಿಯೊಂದು ನಕಲಿಗೂ ಮೊಹರು ಒತ್ತಿ ದೃಢೀಕರಿಸಬೇಕಿತ್ತು. ಹಳ್ಳಿಯ ಅಭ್ಯರ್ಥಿಗೆ ತಾಲ್ಲೂಕು ಆಸ್ಪತ್ರೆಯ ವೈದ್ಯರೋ ಕಾಲೇಜಿನ ಪ್ರಾಂಶುಪಾಲರೋ ಸಿಗುವವರೆಗೆ ಅರ್ಜಿ ಮುಂದೆ ಹೋಗುತ್ತಿರಲಿಲ್ಲ. 2013–14ರ ಹೊತ್ತಿಗೆ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣಕ್ಕೆ ಒತ್ತುಕೊಟ್ಟಿತು, ಅರ್ಜಿದಾರಳ ಸಹಿಯೇ ಸಾಕೆಂಬ ನಿಯಮ ಹರಡಿತು. ಸಣ್ಣ ಆಡಳಿತ ಸುಧಾರಣೆಯಂತೆ ಕಾಣುವ ಈ ಬದಲಾವಣೆಗೆ ನರ್ಸುಗಳ ಕಾಗದದ ಚರಿತ್ರೆಯಲ್ಲಿ ದೊಡ್ಡ ಅರ್ಥವಿದೆ. ಪಾದ್ರಿಯಿಂದ ಅಧಿಕಾರಿಗೆ ಹೋಗಿದ್ದ ಸಾಕ್ಷಿಯ ಹಕ್ಕು ಮೊದಲ ಬಾರಿಗೆ ಆಕೆಯ ಕೈಗೇ ಬಂದಿತು.

ತನ್ನ ಮಾತಿನಲ್ಲಿ ತನ್ನ ಕೆಲಸವನ್ನು ಹೇಳುವ ಪತ್ರದ ಅಗತ್ಯವನ್ನು ತಂದದ್ದು ಖಾಸಗಿ ಆಸ್ಪತ್ರೆ ಮತ್ತು ವಿದೇಶದ ಕೆಲಸ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಕಾಲದ ಹಿಂದೆಮುಂದೆ ರಾಜ್ಯದಲ್ಲಿ ನರ್ಸಿಂಗ್ ಕಾಲೇಜುಗಳು ಭರದಿಂದ ಹೆಚ್ಚಿದವು, ಕೇರಳದ ವಿದ್ಯಾರ್ಥಿನಿಯರು ದೊಡ್ಡ ಸಂಖ್ಯೆಯಲ್ಲಿ ಬಂದರು. ಕೊಲ್ಲಿ ದೇಶಗಳ ಆಸ್ಪತ್ರೆಗಳಿಗೆ, ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗುವ ದಾರಿಯನ್ನು ಕೇರಳದ ಕುಟುಂಬಗಳು ಆಗಲೇ ಅರಿತಿದ್ದವು. ವಯನಾಡಿನ ಗಡಿಗೆ ತಾಗಿಕೊಂಡಿದ್ದರೂ ಹೆಗ್ಗಡದೇವನಕೋಟೆಯ ಮನೆಗಳಿಗೆ ಆ ತಿಳಿವಳಿಕೆ ತಡವಾಗಿ ಬಂದಿತು. ಬಯೋಡೇಟಾ ಇಂಗ್ಲಿಷಿಗೆ ತಿರುಗಿದ್ದು ಈ ಘಟ್ಟದಲ್ಲಿ. ಕನ್ನಡ ಮಾಧ್ಯಮದ ಹುಡುಗಿಯ ಪಾಲಿಗೆ ಆ ಹಾಳೆಯನ್ನು ಬರೆಯುವವರು ಪೇಟೆಯ ಜೆರಾಕ್ಸ್ ಅಂಗಡಿಯವರು, ಡಿಟಿಪಿ ಮಾಡುವವರು. ಹಿಂದಿನವರ ಹಾಳೆಯಲ್ಲಿ ಹೆಸರು ಬದಲಿಸಿ ಹೊಸ ಹಾಳೆ ತಯಾರಾಗುವುದರಿಂದ, ಜೀವನದ ಗುರಿ ಕುರಿತ ಮೊದಲ ಎರಡು ಸಾಲು ನೂರು ಜನರಿಗೆ ಒಂದೇ ಆಗಿರುತ್ತದೆ. ಶಿಫಾರಸು ಪತ್ರ ಬರೆಯುತ್ತಿದ್ದ ಪಾದ್ರಿಗೆ ಹುಡುಗಿಯ ಪರಿಚಯವಾದರೂ ಇತ್ತು. ಈ ನಕಲು ಸಾಲುಗಳಿಗೆ ಅದೂ ಇಲ್ಲ.

ಹೆಸರಿನ ತೊಡಕು ಇನ್ನೊಂದು. ಹಳೆಯ ಮೈಸೂರು ಸೀಮೆಯಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲ ಅಕ್ಷರಗಳನ್ನು ಮುಂದಿಟ್ಟು ಕರೆಯುವುದು ರೂಢಿ, ಮನೆತನದ ಹೆಸರೆಂಬುದು ಹೆಚ್ಚಿನವರಿಗೆ ಇಲ್ಲ. ವಿದೇಶದ ಅರ್ಜಿಗಳು ಸ್ವಂತ ಹೆಸರು, ಮನೆತನದ ಹೆಸರು ಎಂದು ಎರಡು ಅಂಕಣ ಕೇಳುತ್ತವೆ. ಅಂಕಪಟ್ಟಿಯಲ್ಲಿ ಒಂದು, ನೋಂದಣಿಯಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಒಂದು ರೂಪ ಇದ್ದರೆ, ಮೂಲಸಂಸ್ಥೆಗಳಿಗೇ ಬರೆದು ಪತ್ರಗಳನ್ನು ಪರಿಶೀಲಿಸುವ ಈ ಕಾಲದಲ್ಲಿ ಇಡೀ ಅರ್ಜಿ ನಿಂತುಹೋಗುತ್ತದೆ. ಅಮೆರಿಕದಲ್ಲಿ ವಿದೇಶಿ ನರ್ಸುಗಳ ಶಿಕ್ಷಣವನ್ನು ಪರಿಶೀಲಿಸುವ ಆಯೋಗ 1977ರಿಂದಲೂ ಕೆಲಸ ಮಾಡುತ್ತಿದೆ. ಬ್ರಿಟನ್ನಿನ ನರ್ಸಿಂಗ್ ಪರಿಷತ್ತು ಭಾಷೆಯ ಪರೀಕ್ಷೆಯನ್ನೂ ಕೌಶಲದ ಪರೀಕ್ಷೆಯನ್ನೂ ಕೇಳುತ್ತದೆ. ಇವುಗಳ ಜೊತೆಗೆ ತವರು ಪರಿಷತ್ತಿನಿಂದ ಗುಡ್ ಸ್ಟ್ಯಾಂಡಿಂಗ್ ಪತ್ರವೂ ಬೇಕು, ಅಂದರೆ ಈಕೆಯ ನೋಂದಣಿ ಚಾಲ್ತಿಯಲ್ಲಿದೆ, ಈಕೆಯ ಮೇಲೆ ವೃತ್ತಿಸಂಬಂಧದ ದೂರುಗಳಿಲ್ಲ ಎಂಬ ಮಾತು. ನೈಟಿಂಗೇಲ್ ಬಯಸಿದ ನಡತೆಯ ಸಾಕ್ಷ್ಯವನ್ನು ಫೆನ್ವಿಕ್ ಬಯಸಿದ ನೋಂದಣಿ ಪುಸ್ತಕವೇ ಕೊಡುವ ಸ್ಥಿತಿ ಹೀಗೆ ಒದಗಿತು. ಇದಾದ ಮೇಲೂ ಇಂಗ್ಲೆಂಡಿನ ಸರ್ಕಾರಿ ಆರೋಗ್ಯಸೇವೆಯ ಅರ್ಜಿಯಲ್ಲಿ, ಹುದ್ದೆ ಕೇಳುವ ಒಂದೊಂದು ಅರ್ಹತೆಯನ್ನೂ ತನ್ನ ಕೆಲಸದ ಉದಾಹರಣೆಯಿಂದ ತೋರಿಸುವ ಒಂದು ಹೇಳಿಕೆಯನ್ನು ಅರ್ಜಿದಾರಳೇ ಬರೆಯಬೇಕು.

ಈ ಕೊನೆಯ ಬೇಡಿಕೆ ಈ ತಾಲ್ಲೂಕುಗಳ ನರ್ಸುಗಳ ಮಟ್ಟಿಗೆ ಸಂಪತ್ತಾಗಬಲ್ಲದು, ಏಕೆಂದರೆ ಬರೆಯುವುದಕ್ಕೆ ಅವರ ಬಳಿ ಬಹಳ ಇದೆ. 1984ರಲ್ಲಿ ಮೈಸೂರು ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿ ಆರ್. ಬಾಲಸುಬ್ರಹ್ಮಣ್ಯಂ ಮತ್ತು ಗೆಳೆಯರು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಹೆಗ್ಗಡದೇವನಕೋಟೆಯ ಹಾಡಿಗಳಿಗೆ ಬಂದು, ಕೆಂಚನಹಳ್ಳಿಯಲ್ಲಿ, ಆಮೇಲೆ ಸರಗೂರಿನಲ್ಲಿ ಆಸ್ಪತ್ರೆ ನಡೆಸಿದಾಗ ಒಂದು ವಿಷಯ ಸ್ಪಷ್ಟವಾಯಿತು: ಹಾಡಿಯ ಮಾತನ್ನು ಬಲ್ಲ, ಹಾಡಿಯವರು ನಂಬುವ ಆರೋಗ್ಯ ಕಾರ್ಯಕರ್ತೆ ಇಲ್ಲದೆ ವೈದ್ಯರು ಎಷ್ಟು ಬಂದರೂ ಕೆಲಸ ನಡೆಯದು. ಕುಡಗೋಲು ರಕ್ತಕಣದ ಕಾಯಿಲೆ, ಅಂದರೆ ಸಿಕಲ್ ಸೆಲ್ ಎಂಬ ವಂಶಪಾರಂಪರ್ಯ ರಕ್ತಹೀನತೆ, ಈ ಸಮುದಾಯಗಳಲ್ಲಿ ಕಾಣಿಸಿಕೊಳ್ಳುತ್ತದೆ. ಅದರ ನಿರ್ಮೂಲನಕ್ಕೆ 2023ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಮನೆಮನೆಗೆ ಹೋಗಿ ರಕ್ತಪರೀಕ್ಷೆಗೆ ಜನರನ್ನು ಒಪ್ಪಿಸುವ ನರ್ಸುಗಳು ಬೇಕು. ಹಾವು ಕಚ್ಚಿದವನನ್ನು ಆ್ಯಂಬುಲೆನ್ಸ್ ಬರುವವರೆಗೆ ನೋಡಿಕೊಂಡದ್ದು, ಆನೆ ತುಳಿದವನ ರಕ್ತಸ್ರಾವ ನಿಲ್ಲಿಸಿದ್ದು, ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಟಿಬೆಟನ್ ಅಜ್ಜಿಯೊಬ್ಬಳಿಗೆ ಸನ್ನೆಯಲ್ಲೇ ಔಷಧಿ ವಿವರಿಸಿದ್ದು, ಕಬಿನಿಯ ಹಿನ್ನೀರಿನಾಚೆಯ ಮಕ್ಕಳಿಗೆ ಲಸಿಕೆಯನ್ನು ತಂಪು ಕೆಡದಂತೆ ಒಯ್ದದ್ದು ಇವೆಲ್ಲ ಇಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ದಿನವಹಿ ಕೆಲಸದ ಭಾಗ, ಆದ್ದರಿಂದಲೇ ಅವು ಬರೆಯಬೇಕಾದವೆಂದು ಯಾರಿಗೂ ತೋರುವುದಿಲ್ಲ. ಪಟ್ಟಣದ ದೊಡ್ಡ ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆಯನ್ನು ಬಯೋಡೇಟಾದಲ್ಲಿ ದಪ್ಪಕ್ಷರದಲ್ಲಿ ಬರೆದು, ಹಳ್ಳಿಯ ಉಪಕೇಂದ್ರದಲ್ಲಿ ಒಬ್ಬಳೇ ನಿಭಾಯಿಸಿದ ವರ್ಷಗಳನ್ನು ಒಂದೇ ಸಾಲಿನಲ್ಲಿ ಮುಗಿಸುವ ಅಭ್ಯಾಸ ತಪ್ಪಾದ ಅಂದಾಜಿನಿಂದ ಬಂದದ್ದು. ಹತ್ತಿರದಲ್ಲಿ ವೈದ್ಯರಿಲ್ಲದಾಗ ನಿರ್ಧಾರ ತೆಗೆದುಕೊಂಡ ಅನುಭವಕ್ಕೆ ಎಲ್ಲ ಆಸ್ಪತ್ರೆಗಳಲ್ಲೂ ಬೆಲೆಯಿದೆ.

2005ರಲ್ಲಿ ಆರಂಭವಾದ ಗ್ರಾಮೀಣ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳಿಗೆ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ನಡೆಯುವ ನೇರ ಸಂದರ್ಶನಗಳಲ್ಲಿ ಮೂಲಪತ್ರಗಳೇ ಮುಖ್ಯ, ಕವರಿಂಗ್ ಲೆಟರಿಗೆ ಹೆಚ್ಚಿನ ಕೆಲಸವಿಲ್ಲ. ನೋಂದಣಿ ಈಗ ದೇಶಕ್ಕೆಲ್ಲ ಒಂದೇ ಆದ ಆನ್‌ಲೈನ್ ಪಟ್ಟಿಗೆ ಸೇರುತ್ತಿದೆ. 1947ರ ಕಾಯಿದೆಯ ಜಾಗ ತುಂಬಲೆಂದು 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯಿದೆ ಬಂದಿದೆ. ಓದು, ಅಂಕ, ನೋಂದಣಿಗಳನ್ನು ಒಂದು ಸಂಖ್ಯೆಯಿಂದಲೇ ತಿಳಿಯುವಂತಾದ ಮೇಲೆ ಅರ್ಜಿದಾರಳು ತಾನೇ ಹೇಳಬೇಕಾದದ್ದು ಉಳಿಯುವುದು ಕವರಿಂಗ್ ಲೆಟರಿನಲ್ಲಿ: ಯಾವ ವಾರ್ಡಿನಲ್ಲಿ ಎಷ್ಟು ವರ್ಷ, ಒಂದು ಪಾಳಿಯಲ್ಲಿ ಎಷ್ಟು ರೋಗಿಗಳು, ಯಾವ ಯಂತ್ರ ಬಳಸಬಲ್ಲಳು, ಯಾವ ತುರ್ತಿನಲ್ಲಿ ಏನು ಮಾಡಿದಳು, ಕನ್ನಡದ ಜೊತೆಗೆ ಯಾವ ಮಾತುಗಳನ್ನು ಬಲ್ಲಳು. ಮೈಸೂರಿನ ನರ್ಸಿಂಗ್ ಶಾಲೆಗಳು ಅಂಗರಚನೆ, ಔಷಧಿಗಳ ಪಾಠದ ಜೊತೆಗೆ ಈ ಒಂದು ಪುಟವನ್ನು ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಬರೆಯುವುದನ್ನೂ ಕೊನೆಯ ವರ್ಷದಲ್ಲಿ ಕಲಿಸಿದರೆ, ಜೇನುಕುರುಬರ ಮಾತಾದ ಜೇನುನುಡಿ ತಾಯ್ಮಾತಾಗಿರುವ ಹುಡುಗಿಯೊಬ್ಬಳು ಅದನ್ನು ತನ್ನ ಭಾಷೆಗಳ ಪಟ್ಟಿಯ ಮೊದಲ ಸಾಲಿನಲ್ಲೇ ಬರೆಯಬಹುದು.